ಯಾವ ಕಾಗದ ಬಾಗಿಲಲ್ಲಿ, ಯಾವ ಕಾಗದ ಆಮೇಲೆ? ಮಕ್ಕಳ ಬ್ಯಾಸ್ಕೆಟ್‌ಬಾಲ್ ಟ್ರಯಲ್ಸ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಸಂಘಟಕರಿಗೆ, ಕ್ಲಬ್ಬಿನ ಪದಾಧಿಕಾರಿಗಳಿಗೆ, ಕೋಚ್‌ಗಳಿಗೆ, ದೈಹಿಕ ಶಿಕ್ಷಕರಿಗೆ,

ನಮಸ್ಕಾರ.

ಟ್ರಯಲ್ಸ್ ಅಂದರೆ ತಂಡಕ್ಕೆ ಮಕ್ಕಳನ್ನು ಆಡಿಸಿ ನೋಡಿ ಆರಿಸುವ ದಿನ. ಆ ದಿನ ಬೆಳಿಗ್ಗೆ ಮಕ್ಕಳು ಮೊದಲು ನೋಡುವುದು ಕೋಚ್ ಮುಖವನ್ನಲ್ಲ. ನೋಂದಣಿ ಟೇಬಲ್ಲಿನ ಹಿಂದೆ ಕೂತವರ ಮುಖವನ್ನು. 11 ವರ್ಷದಿಂದ ಆ ಟೇಬಲ್ಲಿನ ಹಿಂದೆ ಕೂರುವವಳು ನಾನು. ಫಾರಂ ತೆಗೆದುಕೊಳ್ಳುವುದು, ಹುಟ್ಟಿದ ದಿನಾಂಕ ನೋಡುವುದು, ಸಹಿ ಇದೆಯೋ ಇಲ್ಲವೋ ಅಂತ ಹುಡುಕುವುದು, ಅಂಗಿಯ ಮೇಲೆ ಹಾಕುವ ನಂಬರಿನ ಬಿಬ್ ಕೊಟ್ಟು ಒಳಗೆ ಕಳಿಸುವುದು. ಇಷ್ಟೇ ನನ್ನ ಕೆಲಸ. ಆದರೆ ಒಂದು ಮಗು ಆ ದಿನ ಚೆಂಡು ಮುಟ್ಟುತ್ತದೋ ಇಲ್ಲವೋ ಅನ್ನುವುದು ಈ ಟೇಬಲ್ಲಿನಲ್ಲೇ ತೀರ್ಮಾನವಾಗುತ್ತದೆ. ಅದಕ್ಕೇ ಈ ಪತ್ರ.

ಕೆಲವು ವರ್ಷಗಳ ಹಿಂದೆ 14ರೊಳಗಿನ ಹುಡುಗಿಯರ ಟ್ರಯಲ್ಸ್ ಇತ್ತು. 13 ವರ್ಷದ ಒಬ್ಬಳು ಅಜ್ಜಿಯ ಜೊತೆ ಬಂದಳು. ಕೈಯಲ್ಲಿ ಫಾರಂ, ಜನನ ಪ್ರಮಾಣ ಪತ್ರ, ಡಾಕ್ಟರ್ ಕೊಟ್ಟ ಸರ್ಟಿಫಿಕೇಟ್ ಎಲ್ಲ ಇತ್ತು. ಒಪ್ಪಿಗೆ ಪತ್ರದಲ್ಲಿ ಮಾತ್ರ ಅಜ್ಜಿಯ ಸಹಿ. ನಮ್ಮ ಫಾರಂನಲ್ಲಿ 'ತಂದೆ ಅಥವಾ ತಾಯಿಯ ಸಹಿ' ಅಂತ ಇತ್ತು. ಅಜ್ಜಿ ಕೇಳಿದರು: "ಅವರಿಬ್ಬರೂ ಜೊತೆಗಿಲ್ಲಮ್ಮ. ಇವಳನ್ನ ಸಾಕ್ತಿರೋದು ನಾನೇ. ನನ್ನ ಸಹಿ ಆಗಲ್ವಾ?" ನಾನು ನಿಯಮದ ಹಾಳೆ ತಿರುವಿ ನೋಡಿದೆ. ಅದರಲ್ಲಿ ಇಂಥ ಮನೆಗಳ ಮಾತೇ ಇರಲಿಲ್ಲ. "ಆಗಲ್ಲಮ್ಮ, ಮುಂದಿನ ವರ್ಷ ಬನ್ನಿ" ಅಂದೆ.

ಮುಂದಿನ ವರ್ಷ ಆ ಹುಡುಗಿ ವಯೋಮಿತಿ ದಾಟಿರುತ್ತಾಳೆ. ಅವಳ ಹುಟ್ಟಿದ ದಿನಾಂಕ ಆ ಹೊತ್ತಿಗೆ ನನ್ನ ಕೈಯಲ್ಲೇ ಇತ್ತು. ಆದರೂ ನನಗೆ ಹೊಳೆಯಲಿಲ್ಲ. ಮನೆಗೆ ಹೋಗಿ ಕೂತ ಮೇಲೆ ಹೊಳೆಯಿತು. ನಿಯಮ ಬರೆದವರು ಯಾರಿಗೂ ಕೆಟ್ಟದ್ದು ಬಯಸಿರಲಿಲ್ಲ. ನಾನೂ ಬಯಸಿರಲಿಲ್ಲ. ಆದರೂ ಒಳ್ಳೆಯ ಆಟಗಾರ್ತಿಯೋ ಅಲ್ಲವೋ ಅಂತ ಯಾರೂ ನೋಡುವ ಮೊದಲೇ ಒಂದು ಮಗು ವಾಪಸ್ ಹೋಯಿತು. ಆ ದಿನ ನಾನು ಹೇಳಿದ್ದು ತಪ್ಪು. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ದಾಖಲೆಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದು ಕಾಗದದ ವಿಷಯದಲ್ಲಂತೂ ಈಗಿರುವುದಕ್ಕಿಂತ ಜಾಸ್ತಿ ಕಟ್ಟುನಿಟ್ಟು ಬೇಕು ಅನ್ನುವವಳು ನಾನು. ನಾನು ಕೇಳುತ್ತಿರುವುದು ಎಲ್ಲ ಕಾಗದಗಳನ್ನೂ ಒಂದೇ ರಾಶಿಗೆ ಹಾಕಬೇಡಿ ಅಂತ. ಕೆಲವು ಕಾಗದ ಮಗುವನ್ನು ಕಾಪಾಡುತ್ತವೆ. ಕೆಲವು ಪಂದ್ಯದ ನ್ಯಾಯವನ್ನು ಕಾಪಾಡುತ್ತವೆ. ಕೆಲವು ನಮ್ಮ ಕಚೇರಿಯ ಫೈಲನ್ನು ಮಾತ್ರ ಕಾಪಾಡುತ್ತವೆ. ಮೊದಲನೆಯದು ಅಂಗಳಕ್ಕೆ ಇಳಿಯುವ ಮೊದಲೇ ಬೇಕು. ಎರಡನೆಯದು ತಂಡದ ಪಟ್ಟಿ ಅಂತಿಮವಾಗುವ ಮೊದಲು ಬಂದರೆ ಸಾಕು. ಮೂರನೆಯದನ್ನು ದಯವಿಟ್ಟು ಕೇಳಲೇಬೇಡಿ.

ಮೊದಲು ಆರೋಗ್ಯದ ಕಾಗದ.

ಬ್ಯಾಸ್ಕೆಟ್‌ಬಾಲ್ ನೋಡುವುದಕ್ಕೆ ಹಗುರ ಆಟ. ಆಡುವವರಿಗೆ ಗೊತ್ತು, ಅದು ನಿಂತು ಉಸಿರು ತೆಗೆದುಕೊಳ್ಳಲು ಬಿಡುವ ಆಟವಲ್ಲ. ಓಡು, ನಿಲ್ಲು, ಜಿಗಿ, ಮತ್ತೆ ಓಡು. ಹೃದಯಕ್ಕೆ ದೊಡ್ಡ ಕೆಲಸ. 1990ರ ಮಾರ್ಚ್ 4ರಂದು ಅಮೆರಿಕದ ಕಾಲೇಜು ಆಟಗಾರ ಹ್ಯಾಂಕ್ ಗ್ಯಾದರ್ಸ್ ಪಂದ್ಯದ ನಡುವೆ ಕುಸಿದು ಬಿದ್ದು ತೀರಿಕೊಂಡರು. ವಯಸ್ಸು 23. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಇತ್ತು. ಅದಕ್ಕೆ ಮೂರು ತಿಂಗಳ ಮೊದಲು ಕೂಡ ಅವರು ಒಂದು ಪಂದ್ಯದಲ್ಲಿ ಬಿದ್ದಿದ್ದರು. ಅಂದರೆ ಹೃದಯ ಮೊದಲೇ ಎಚ್ಚರಿಕೆ ಕೊಟ್ಟಿತ್ತು.

ಇನ್ನೊಬ್ಬರು ಐಸಯಾ ಆಸ್ಟಿನ್. ಏಳು ಅಡಿ ಎತ್ತರದ ಆಟಗಾರ. 2014ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಆಯ್ಕೆಗೆ ಮೊದಲು ಮಾಡಿದ ವೈದ್ಯಕೀಯ ಪರೀಕ್ಷೆಯಲ್ಲಿ ಅವರಿಗೆ ಮಾರ್ಫಾನ್ ಸಿಂಡ್ರೋಮ್ ಇರುವುದು ಗೊತ್ತಾಯಿತು. ಈ ಕಾಯಿಲೆ ಇರುವವರು ಎತ್ತರವಾಗಿ, ಉದ್ದ ಕೈಕಾಲುಗಳೊಂದಿಗೆ ಬೆಳೆಯುತ್ತಾರೆ. ಹೃದಯದಿಂದ ಹೊರಡುವ ಮಹಾಧಮನಿ ದುರ್ಬಲವಾಗಿರುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಆಟ ಹುಡುಕಿಕೊಂಡು ಹೋಗುವುದೇ ಅಂಥ ಮೈಕಟ್ಟಿನ ಮಕ್ಕಳನ್ನು. "ಎಷ್ಟು ಎತ್ತರ ಇದ್ದಾನೆ, ಕರೆದುಕೊಂಡು ಬನ್ನಿ" ಅನ್ನುತ್ತೇವೆ. ಕರೆದ ಮೇಲೆ ಅವನ ಹೃದಯದ ಬಗ್ಗೆ ಕೇಳುವ ಜವಾಬ್ದಾರಿಯೂ ನಮ್ಮದೇ ಅಲ್ವಾ? ಎತ್ತರದ ಮಕ್ಕಳಿಗೆಲ್ಲ ಕಾಯಿಲೆ ಇದೆ ಅಂತಲ್ಲ. ಇದು ಅಪರೂಪದ ಕಾಯಿಲೆ. ಆದರೆ ಅದು ಇರುವ ಮಗು ಟ್ರಯಲ್ಸ್ ಸಾಲಿನಲ್ಲಿ ನಿಂತಿರುವ ಸಾಧ್ಯತೆ ಬೇರೆ ಕಡೆಗಿಂತ ಜಾಸ್ತಿ.

ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಆಟಗಾರರಿಗೆ ವೈದ್ಯಕೀಯ ತಪಾಸಣೆ ಕಡ್ಡಾಯ. ಅದರಲ್ಲಿ ಇಸಿಜಿ ಕೂಡ ಸೇರಿದೆ. ಅಲ್ಲಿನ ವೆನೆಟೊ ಪ್ರದೇಶದ ಲೆಕ್ಕವನ್ನು 2006ರಲ್ಲಿ ವೈದ್ಯರು ಪ್ರಕಟಿಸಿದರು. ಯುವ ಆಟಗಾರರ ಹಠಾತ್ ಹೃದಯ ಸಾವು ಸುಮಾರು ಶೇ. 89ರಷ್ಟು ಇಳಿದಿತ್ತು. ಎಲ್ಲ ಮಕ್ಕಳಿಗೂ ಇಸಿಜಿ ಬೇಕೋ ಬೇಡವೋ ಅನ್ನುವುದರಲ್ಲಿ ವೈದ್ಯರಲ್ಲೇ ಎರಡು ಅಭಿಪ್ರಾಯ ಇದೆ. ಅದನ್ನು ಅವರಿಗೇ ಬಿಡೋಣ. ಆದರೆ ಪ್ರಶ್ನೆ ಕೇಳಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಓಡುವಾಗ ಎದೆ ನೋವು ಬಂದಿದೆಯಾ? ಆಡುವಾಗ ಎಚ್ಚರ ತಪ್ಪಿದೆಯಾ? ಮನೆಯಲ್ಲಿ ಯಾರಾದರೂ 50 ವರ್ಷಕ್ಕೆ ಮೊದಲೇ ಹೃದಯದ ತೊಂದರೆಯಿಂದ ಹೋಗಿದ್ದಾರಾ? ಈ ಮೂರು ಪ್ರಶ್ನೆಗೆ ಯಂತ್ರ ಬೇಕಾಗಿಲ್ಲ. ಕೇಳುವ ಮನಸ್ಸು ಬೇಕು.

ಇಲ್ಲಿ ನಾನು ಕಂಡ ಒಂದು ಸಂಗತಿ ಹೇಳಬೇಕು. ಒಬ್ಬ ಹುಡುಗನ ಫಾರಂನಲ್ಲಿ ಆರೋಗ್ಯದ ಎಲ್ಲ ಪ್ರಶ್ನೆಗೂ 'ಇಲ್ಲ' ಅಂತ ಗೀಟು ಎಳೆದಿತ್ತು. ಒಂದೇ ಗೆರೆ, ಮೇಲಿನಿಂದ ಕೆಳಗಿನವರೆಗೆ. ಅವನ ಅಪ್ಪ ಓದದೇ ಎಳೆದದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಅವತ್ತು ಸಾಲು ಚಿಕ್ಕದಿತ್ತು. ಹಾಗಾಗಿ ನಾನು ಒಂದೊಂದೇ ಪ್ರಶ್ನೆ ಬಾಯಲ್ಲೇ ಕೇಳಿದೆ. ಆಡುವಾಗ ಎಚ್ಚರ ತಪ್ಪಿದೆಯಾ ಅನ್ನುವ ಪ್ರಶ್ನೆಗೆ ಹುಡುಗ ಅಪ್ಪನ ಮುಖ ನೋಡಿದ. "ಒಂದ್ಸಲ ಓಡುವಾಗ ಕಣ್ಣು ಕತ್ತಲೆ ಬಂದಿತ್ತು, ಬಿದ್ದೆ" ಅಂದ. ಅಪ್ಪನಿಗೆ ಆ ವಿಷಯ ಗೊತ್ತೇ ಇರಲಿಲ್ಲ. ಹೇಳಿದರೆ ಆಟ ಬಿಡಿಸುತ್ತಾರೆ ಅಂತ ಹುಡುಗ ಮುಚ್ಚಿಟ್ಟಿದ್ದ. ಅವತ್ತು ಅವನನ್ನು ಆಡಿಸಲಿಲ್ಲ. ಹೃದಯದ ಡಾಕ್ಟರ್ ಬಳಿ ಕಳಿಸಿದೆವು. ಮೂರು ವಾರದ ನಂತರ, ತೊಂದರೆ ಇಲ್ಲ ಅನ್ನುವ ಪತ್ರ ಹಿಡಿದು ಬಂದ. ಅವನಿಗಾಗಿ ಕೋಚ್ ಬೇರೆ ದಿನ ಅರ್ಧ ಗಂಟೆ ಟ್ರಯಲ್ಸ್ ಮಾಡಿದರು. ಅವನನ್ನು ತಡೆದದ್ದೂ ಕಾಗದವೇ, ಅಜ್ಜಿಯ ಜೊತೆ ಬಂದ ಹುಡುಗಿಯನ್ನು ತಡೆದದ್ದೂ ಕಾಗದವೇ. ಮೊದಲನೆಯದು ಅವನಿಗಾಗಿ ತಡೆಯಿತು. ಎರಡನೆಯದು ಯಾರಿಗಾಗಿ ತಡೆಯಿತು ಅಂತ ಇವತ್ತಿಗೂ ನನಗೆ ತಿಳಿದಿಲ್ಲ.

ಹಾಗಾಗಿ ಆರೋಗ್ಯದ ಫಾರಂ ಇಲ್ಲದೆ ಒಂದು ಮಗುವೂ ಅಂಗಳಕ್ಕೆ ಇಳಿಯಬಾರದು. ವಾರ್ಮ್‌ಅಪ್‌ಗೂ ಇಳಿಯಬಾರದು. 'ಡಾಕ್ಟರ್ ಸಹಿ ಆಮೇಲೆ ತಂದುಕೊಡ್ತೀವಿ' ಅನ್ನುವ ಮಾತಿಗೆ ಒಪ್ಪಬೇಡಿ. ಅದರ ಜೊತೆ ಬೇಕಾದ ಇನ್ನೂ ಕೆಲವು ವಿವರ ಇವೆ. ಆಸ್ತಮಾ ಇದೆಯಾ, ಇನ್‌ಹೇಲರ್ ಬ್ಯಾಗಿನಲ್ಲಿ ಇದೆಯಾ? ಯಾವುದಾದರೂ ಔಷಧಿ ಮೈಗೆ ಒಗ್ಗುವುದಿಲ್ಲವಾ? ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿದೆಯಾ? ಏನಾದರೂ ಆದರೆ ತಕ್ಷಣ ಫೋನ್ ಎತ್ತುವವರು ಯಾರು? ಈ ಕೊನೆಯ ಪ್ರಶ್ನೆಗೆ ಎರಡು ನಂಬರ್ ಬರೆಸಿಕೊಳ್ಳಿ. ಮಗು ಇನ್ನೂ ಟೇಬಲ್ ಬಳಿ ಇರುವಾಗಲೇ ಒಂದಕ್ಕೆ ಕರೆ ಮಾಡಿ ನೋಡಿ. ತಪ್ಪು ನಂಬರ್ ಎಷ್ಟು ಸಲ ಸಿಕ್ಕಿದೆ ಅಂತ ಹೇಳಿದರೆ ನೀವು ನಂಬಲಾರಿರಿ.

ತಲೆಗೆ ಪೆಟ್ಟಿನ ಪ್ರಶ್ನೆಗೆ ಮಕ್ಕಳು ನಿಜ ಹೇಳುವುದು ಕಷ್ಟ. ಟ್ರಯಲ್ಸ್ ದಿನವಂತೂ ಹೇಳುವುದೇ ಇಲ್ಲ. ಅದಕ್ಕೆ ಆ ಪ್ರಶ್ನೆಯನ್ನು ಹೀಗೆ ಕೇಳಿ: "ಪೆಟ್ಟು ಬಿದ್ದಿದ್ದರೆ ನಿನ್ನನ್ನು ಪಟ್ಟಿಯಿಂದ ತೆಗೆಯುವುದಿಲ್ಲ, ಬೇರೆ ದಿನ ಕರೆಯುತ್ತೇವೆ." ಈ ಒಂದು ಸಾಲು ಫಾರಂನಲ್ಲಿ ಅಚ್ಚಾಗಿರಲಿ. ನಿಜ ಹೇಳಿದರೆ ಅವಕಾಶ ಹೋಗುತ್ತದೆ ಅನ್ನುವ ಭಯ ಇರುವವರೆಗೆ ಯಾವ ಫಾರಂಗೂ ಬೆಲೆ ಇಲ್ಲ.

ಮಕ್ಕಳಿಂದ ಈ ಕಾಗದ ಕೇಳುವ ನಾವು ನಮ್ಮ ಕಡೆಯದ್ದನ್ನೂ ಸಿದ್ಧ ಇಡಬೇಕು. ಹೃದಯ ನಿಂತವರಿಗೆ ಎದೆ ಒತ್ತುವುದು, ಎಇಡಿ ಯಂತ್ರದಿಂದ ಶಾಕ್ ಕೊಡುವುದು ಒಂದೊಂದು ನಿಮಿಷ ತಡವಾದಂತೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಯಂತ್ರ ಎಲ್ಲಿದೆ, ಅದಿರುವ ಕೋಣೆಯ ಬೀಗದ ಕೈ ಯಾರ ಬಳಿ ಇದೆ, ಎದೆ ಒತ್ತಲು ಕಲಿತವರು ಯಾರಿದ್ದಾರೆ ಅಂತ ಪೋಷಕರು ಕೇಳಿದರೆ ನಮ್ಮಲ್ಲಿ ಉತ್ತರ ಇರಬೇಕು.

ಇನ್ನು ವಯಸ್ಸು. ಜಗಳ ಆಗುವುದೆಲ್ಲ ಇಲ್ಲೇ.

ವಯೋಮಿತಿ ಯಾಕೆ ಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. 12 ವರ್ಷದ ಮಗು ರಿಬೌಂಡಿಗೆ, ಅಂದರೆ ರಿಂಗಿಗೆ ತಾಗಿ ವಾಪಸ್ ಬರುವ ಚೆಂಡಿಗೆ, ಜಿಗಿಯುವಾಗ ಪಕ್ಕದಲ್ಲಿ 15ರ ಹುಡುಗನ ಮೊಣಕೈ ಇರಬಾರದು. ದೊಡ್ಡವರ ರಿಂಗ್ 3.05 ಮೀಟರ್ ಎತ್ತರದಲ್ಲಿದ್ದರೆ ಚಿಕ್ಕ ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲಿನಲ್ಲಿ ಅದು 2.60 ಮೀಟರ್. ಚೆಂಡು 7ರ ಬದಲು 5ನೇ ಸೈಜಿನದ್ದು. ವಯಸ್ಸಿಗೆ ತಕ್ಕ ಆಟ ಅನ್ನುವುದು ಈ ಕ್ರೀಡೆಯ ಒಳಗೇ ಇದೆ.

ತೊಂದರೆ ಇರುವುದು ನಾವು ಅದನ್ನು ಹೇಳುವ ರೀತಿಯಲ್ಲಿ. '16ರೊಳಗಿನವರಿಗೆ ಟ್ರಯಲ್ಸ್' ಅಂತ ಪೋಸ್ಟರ್ ಹಾಕುತ್ತೇವೆ. ಯಾವ ದಿನಕ್ಕೆ 16? ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ಲೆಕ್ಕ ಕ್ಯಾಲೆಂಡರ್ ವರ್ಷದ್ದು. 2025ರಲ್ಲಿ ನಡೆದ 16ರೊಳಗಿನ ಟೂರ್ನಿಗೆ 2009ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರೆಲ್ಲ ಅರ್ಹರು. ಅಂದರೆ ಆ ವರ್ಷ 16 ತುಂಬಿದವರೂ ಆಡಬಹುದು. ಆದರೆ '16ರೊಳಗೆ' ಅನ್ನುವ ಮಾತನ್ನು ಓದಿದ ತಾಯಿ ಏನು ತಿಳಿಯುತ್ತಾಳೆ? "ನಮ್ಮ ಹುಡುಗನಿಗೆ ಹೋದ ತಿಂಗಳೇ 16 ತುಂಬಿತು, ಇನ್ನು ಆಗಲ್ಲ" ಅಂತ ಮನೆಯಲ್ಲೇ ಉಳಿಯುತ್ತಾಳೆ. ಕೆಲವು ಲೀಗ್‌ಗಳು ಶಾಲಾ ವರ್ಷ ಹಿಡಿದು ಲೆಕ್ಕ ಹಾಕುತ್ತವೆ. ಕೆಲವು ಕಡೆ ತರಗತಿಯನ್ನು ನೋಡುತ್ತಾರೆ. ಹೀಗಾಗಿ ಒಂದೇ ಮಗು ಒಂದು ಕಡೆ ಅರ್ಹ, ಇನ್ನೊಂದು ಕಡೆ ಅಲ್ಲ. ಇದನ್ನು ಸರಿ ಮಾಡಲು ಸಭೆ ಸೇರಬೇಕಾಗಿಲ್ಲ. ಪೋಸ್ಟರಿನಲ್ಲಿ 'ಇಂಥ ದಿನಾಂಕದಿಂದ ಇಂಥ ದಿನಾಂಕದ ನಡುವೆ ಹುಟ್ಟಿದವರು' ಅಂತ ಬರೆಯಿರಿ. ಅಷ್ಟು ಸಾಕು.

ಜನನ ಪ್ರಮಾಣ ಪತ್ರ ಎಲ್ಲರ ಬಳಿಯೂ ಇರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. 2024ರ ಕೊನೆಯಲ್ಲಿ ಯುನಿಸೆಫ್ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳ ಹುಟ್ಟು ಎಲ್ಲೂ ನೋಂದಣಿಯಾಗಿಲ್ಲ. ಈ ಮಕ್ಕಳೂ ಬೆಳೆಯುತ್ತಾರೆ. ಚೆಂಡು ಹಿಡಿಯುತ್ತಾರೆ. ಒಂದು ದಿನ ನಮ್ಮ ಟೇಬಲ್ ಮುಂದೆ ನಿಲ್ಲುತ್ತಾರೆ. ಪ್ರವಾಹದಲ್ಲೋ ಬೆಂಕಿಯಲ್ಲೋ ಕಾಗದ ಕಳೆದುಕೊಂಡವರು, ದೇಶ ಬಿಟ್ಟು ಬಂದವರು ಬೇರೆ ಇದ್ದಾರೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿ ಹುಟ್ಟಿದ ಕೂಡಲೇ ನೋಂದಣಿ ಆಗಬೇಕು ಅನ್ನುತ್ತದೆ. 31ನೇ ವಿಧಿ ಆಡುವುದು ಮಗುವಿನ ಹಕ್ಕು ಅನ್ನುತ್ತದೆ. ಮೊದಲ ಹಕ್ಕು ಸಿಗದ ಮಗುವಿಗೆ ಅದೇ ಕಾರಣ ಕೊಟ್ಟು ಎರಡನೆಯದನ್ನೂ ತಪ್ಪಿಸುವುದು ಸರಿಯಾ? ಮೊದಲ ಶಾಲೆಯ ದಾಖಲೆ, ಲಸಿಕೆ ಚೀಟಿ, ಆಸ್ಪತ್ರೆಯ ಕಾಗದ, ಹಳೆಯ ಪಾಸ್‌ಪೋರ್ಟ್, ಇವುಗಳಲ್ಲಿ ಯಾವುದಾದರೂ ಎರಡು ಒಂದಕ್ಕೊಂದು ಹೊಂದಿದರೆ ಟ್ರಯಲ್ಸ್‌ಗೆ ಒಪ್ಪಿಕೊಳ್ಳಿ.

"ಹಾಗೆ ಬಿಟ್ಟರೆ ವಯಸ್ಸು ಮುಚ್ಚಿಡುವವರು ನುಗ್ಗುತ್ತಾರೆ" ಅಂತ ನೀವು ಹೇಳುತ್ತೀರಿ. ನಿಜ, ವಯಸ್ಸಿನ ಮೋಸ ಇದೆ. 2001ರಲ್ಲಿ ಅಮೆರಿಕದ ಲಿಟಲ್ ಲೀಗ್ ಬೇಸ್‌ಬಾಲ್ ಟೂರ್ನಿಯಲ್ಲಿ 12 ವರ್ಷದವನೆಂದು ಆಡಿದ ಹುಡುಗನಿಗೆ ನಿಜವಾಗಿ 14 ಆಗಿತ್ತು. ತಂಡದ ಗೆಲುವುಗಳೆಲ್ಲ ರದ್ದಾದವು. ಆದರೆ ನೋಡಿ, ಅವನ ಬಳಿ ಜನನ ಪ್ರಮಾಣ ಪತ್ರ ಇತ್ತು. ದೊಡ್ಡವರು ಮಾಡಿಸಿಕೊಟ್ಟ ಸುಳ್ಳು ಪತ್ರ. ಬಾಗಿಲಲ್ಲಿ ಕಾಗದ ಕೇಳಿದ್ದರಿಂದ ಮೋಸ ನಿಲ್ಲಲಿಲ್ಲ. ಆಮೇಲೆ ಯಾರೋ ಕೂತು ಮೂಲ ದಾಖಲೆ ಹುಡುಕಿದ್ದರಿಂದ ಹೊರಬಂತು. ಬೆಳಿಗ್ಗೆ 200 ಮಕ್ಕಳ ಸಾಲು ಮುಂದಿಟ್ಟುಕೊಂಡು ನಾನು ಝೆರಾಕ್ಸ್ ಪ್ರತಿಯಲ್ಲಿ ಏನು ಕಂಡುಹಿಡಿಯಬಲ್ಲೆ? ಸೀಲು ಇದೆ ಅಂತ ನೋಡುತ್ತೇನೆ, ಅಷ್ಟೇ. ಬದಲಿಗೆ ಪಟ್ಟಿಗೆ ಆಯ್ಕೆಯಾದ 15 ಮಕ್ಕಳ ಮೂಲ ದಾಖಲೆಗಳನ್ನು ಹತ್ತು ದಿನ ಕೂತು ಸರಿಯಾಗಿ ಪರಿಶೀಲಿಸಿದರೆ ಮೋಸ ನಿಜವಾಗಿಯೂ ಸಿಗುತ್ತದೆ. ಟ್ರಯಲ್ಸ್‌ನಲ್ಲಿ ಓಡಿದ ಮಾತ್ರಕ್ಕೆ ಯಾರೂ ತಂಡ ಸೇರುವುದಿಲ್ಲ. ಪಂದ್ಯದ ಅಂಕವೂ ಬದಲಾಗುವುದಿಲ್ಲ. ಆಯ್ಕೆಯಾದವರ ದಾಖಲೆ ಸರಿ ಇಲ್ಲದಿದ್ದರೆ ಮೀಸಲು ಪಟ್ಟಿಯ ಮಗು ಬರುತ್ತದೆ. ಅದಕ್ಕೇ ತಾನೆ ಆ ಪಟ್ಟಿ ಇರುವುದು?

ಕೆಲವರು ಅನುಮಾನ ಬಂದ ಕೂಡಲೇ "ಮೂಳೆ ಎಕ್ಸ್‌ರೇ ಮಾಡಿಸಿ" ಅನ್ನುತ್ತಾರೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಮಾದರಿ ಚಿತ್ರಗಳ ಜೊತೆ ಹೋಲಿಸಿ ವಯಸ್ಸು ಅಂದಾಜು ಮಾಡುವ ವಿಧಾನ ಅದು. ತುಂಬಾ ಬಳಕೆಯಲ್ಲಿರುವ ಒಂದು ಮಾದರಿ, ಗ್ರೂಲಿಕ್ ಮತ್ತು ಪೈಲ್ ಅವರದ್ದು, ಕಳೆದ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಅನುಕೂಲಸ್ಥ ಬಿಳಿಯ ಮಕ್ಕಳ ಎಕ್ಸ್‌ರೇಗಳಿಂದ ಮಾಡಿದ್ದು. ಆ ಚಿತ್ರ ನೋಡುವುದು ಮೂಳೆ ಎಷ್ಟು ಬಲಿತಿದೆ ಅಂತ. ಹುಟ್ಟಿ ಎಷ್ಟು ದಿನವಾಯಿತು ಅಂತ ಅಲ್ಲ. ಒಂದೇ ದಿನ ಹುಟ್ಟಿದ ಇಬ್ಬರು ಆರೋಗ್ಯವಂತ ಮಕ್ಕಳ ಮೂಳೆಯಲ್ಲೂ ಒಂದು ವರ್ಷಕ್ಕಿಂತ ಜಾಸ್ತಿ ಅಂತರ ಇರಬಹುದು. ಬೇಗ ಬೆಳೆದ ಹುಡುಗಿಯನ್ನು ಎಲ್ಲರ ಮುಂದೆ ನಿಲ್ಲಿಸಿ "ನಿನ್ನ ವಯಸ್ಸು ನಂಬಲ್ಲ" ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳ ಕಾಗದ ಸರಿಯಾಗಿತ್ತು. ತಪ್ಪು ಅವಳ ಎತ್ತರದ್ದಾಗಿತ್ತು. ದಯವಿಟ್ಟು ಹಾಗೆ ಮಾಡಬೇಡಿ. ಅನುಮಾನ ಇದ್ದರೆ ಪೋಷಕರನ್ನು ಪಕ್ಕಕ್ಕೆ ಕರೆದು, ಮೂಲ ದಾಖಲೆ ಕೇಳಿ.

ವಯಸ್ಸಿನ ಕಾಗದದಿಂದ ಒಂದು ಒಳ್ಳೆಯ ಕೆಲಸವೂ ಆಗುತ್ತದೆ. ಅದನ್ನು ನಾವು ಮಾಡುತ್ತಿಲ್ಲ. ಜನವರಿ 1 ಗಡಿಯಾದರೆ, ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ನಡುವೆ ಹೆಚ್ಚುಕಮ್ಮಿ ಒಂದು ವರ್ಷದ ಬೆಳವಣಿಗೆ. 13ನೇ ವಯಸ್ಸಿನಲ್ಲಿ ಅದು ಎತ್ತರದಲ್ಲಿ ಎದ್ದು ಕಾಣುವ ಅಂತರ. 1985ರಲ್ಲೇ ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇದ್ದಾರೆ ಅಂತ ಸಂಶೋಧಕರು ತೋರಿಸಿದರು. ಆಮೇಲೆ ಬ್ಯಾಸ್ಕೆಟ್‌ಬಾಲೂ ಸೇರಿ ಬೇರೆ ಆಟಗಳಲ್ಲೂ ಇದೇ ಕಂಡಿತು. ಕೋಚ್‌ಗಳು ಪ್ರತಿಭೆ ಅಂದುಕೊಂಡದ್ದರಲ್ಲಿ ಎಷ್ಟೋ ಪಾಲು ಹುಟ್ಟಿದ ತಿಂಗಳು.

2017ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ನೆದರ್‌ಲ್ಯಾಂಡ್ಸ್‌ನ ಫುಟ್‌ಬಾಲ್ ಕ್ಲಬ್ಬೊಂದರ ಆಯ್ಕೆಗಾರರಿಗೆ ಎಳೆಯ ಆಟಗಾರರ ಪಂದ್ಯ ತೋರಿಸಿದರು. ಹುಟ್ಟಿದ ದಿನಾಂಕದ ಪಟ್ಟಿ ಕೈಗೆ ಕೊಟ್ಟರೂ ಅವರು ದೊಡ್ಡ ಮಕ್ಕಳ ಕಡೆಗೇ ವಾಲಿದರು. ಆದರೆ ಅಂಗಿಯ ನಂಬರನ್ನೇ ವಯಸ್ಸಿನ ಕ್ರಮದಲ್ಲಿ ಕೊಟ್ಟು, ಅದನ್ನು ಆಯ್ಕೆಗಾರರಿಗೆ ಹೇಳಿದಾಗ ಆ ಒಲವು ಮಾಯವಾಯಿತು. ಎಷ್ಟು ಸರಳ! ಬಿಬ್ ಕೊಡುವವಳು ನಾನು. ಜನನ ದಿನಾಂಕ ನನ್ನ ಮುಂದೆಯೇ ಇರುತ್ತದೆ. ಹಿರಿಯ ಮಗುವಿಗೆ 1, ಕಿರಿಯ ಮಗುವಿಗೆ ಕೊನೆಯ ನಂಬರ್ ಅಂತ ಕೊಟ್ಟರೆ ನಯಾಪೈಸೆ ಖರ್ಚಿಲ್ಲ. 38ನೇ ನಂಬರಿನ ಪುಟ್ಟ ಹುಡುಗ ರಿಬೌಂಡಿನಲ್ಲಿ ಸೋತರೂ ಅವನ ಪಾಸ್ ನೋಡಬೇಕು ಅಂತ ಕೋಚಿಗೆ ನೆನಪಾಗುತ್ತದೆ. ಈ ಸಲವೇ ಮಾಡಿ ನೋಡೋಣ.

ಸಹಿಯ ಮಾತಿಗೆ ಮತ್ತೆ ಬರುತ್ತೇನೆ. 'ತಂದೆಯ ಸಹಿ' ಅಂತ ಮಾತ್ರ ಇರುವ ಫಾರಂಗಳು ಇನ್ನೂ ಇವೆ. ಅಮ್ಮ ಒಬ್ಬಳೇ ಸಾಕುವ ಮಕ್ಕಳಿದ್ದಾರೆ. ಚಿಕ್ಕಮ್ಮನ, ಸೋದರಮಾವನ, ಅಣ್ಣನ ಆಸರೆಯಲ್ಲಿರುವವರಿದ್ದಾರೆ. ಮಕ್ಕಳ ಮನೆಗಳಲ್ಲಿ ಬೆಳೆಯುವವರಿದ್ದಾರೆ. ಒಪ್ಪಿಗೆ ಪತ್ರದ ಉದ್ದೇಶ ಏನು? ಮಗು ಎಲ್ಲಿದೆ ಅಂತ ಜವಾಬ್ದಾರಿ ಇರುವ ಒಬ್ಬ ದೊಡ್ಡವರಿಗೆ ಗೊತ್ತಿರಬೇಕು. ಗಾಯವಾದರೆ ಚಿಕಿತ್ಸೆಗೆ ಹೂಂ ಅನ್ನುವವರು ಇರಬೇಕು. ಟ್ರಯಲ್ಸ್ ಮಟ್ಟಿಗೆ ಈ ಎರಡೂ ಮಗುವನ್ನು ದಿನವೂ ಸಾಕುತ್ತಿರುವವರಿಂದ ಆಗುತ್ತದೆ. ಆಯ್ಕೆಯಾಗಿ, ದೂರದ ಊರಿಗೆ ತಂಡ ಹೋಗುವಾಗ ಕಾನೂನಿನ ಪೋಷಕರ ಪತ್ರ ಕೇಳಿ, ಅದಕ್ಕೆ ನ್ಯಾಯ ಇದೆ. ಎರಡು ಗಂಟೆಯ ಟ್ರಯಲ್ಸ್‌ಗೆ ಬೇಡ. ಇನ್ನು 'ಏನೇ ಆದರೂ ಸಂಘಟಕರು ಜವಾಬ್ದಾರರಲ್ಲ' ಅನ್ನುವ ಮುಚ್ಚಳಿಕೆ. ಮಗುವಿನ ಪರವಾಗಿ ಪೋಷಕರು ಹಾಕಿದ ಅಂಥ ಸಹಿಯನ್ನು ಎಷ್ಟೋ ಕಡೆ ನ್ಯಾಯಾಲಯಗಳೇ ಒಪ್ಪಿಲ್ಲ. ಅದು ಮಗುವನ್ನು ಕಾಪಾಡುವ ಕಾಗದವಲ್ಲ. ಅದರ ಜಾಗದಲ್ಲಿ 'ಏನಾದರೂ ಆದರೆ ನಾವು ಹೀಗೆ ಮಾಡುತ್ತೇವೆ' ಅಂತ ನಾವೇ ಬರೆದು ಸಹಿ ಹಾಕಿ ಅವರಿಗೆ ಕೊಡೋಣ.

ವಿಳಾಸದ ದಾಖಲೆ, ಶಾಲೆಯ ದೃಢೀಕರಣ ಪತ್ರ, ಹಳೆಯ ಕ್ಲಬ್ಬಿನ ಬಿಡುಗಡೆ ಪತ್ರ, ಇವೆಲ್ಲ ಆಟಗಾರರನ್ನು ಅಲ್ಲಿಂದ ಇಲ್ಲಿಗೆ ಎಳೆಯುವುದನ್ನು ತಡೆಯಲು ಬಂದ ನಿಯಮಗಳು. ಬೇಕು. ಆದರೆ ಪಟ್ಟಿ ಅಂತಿಮವಾಗುವ ಹೊತ್ತಿಗೆ ಸಾಕು. ಮನೆಯಿಲ್ಲದ ಮಕ್ಕಳನ್ನು ಕಾಗದ ಇಲ್ಲದಿದ್ದರೂ ತಕ್ಷಣ ಶಾಲೆಗೆ ಸೇರಿಸಿಕೊಳ್ಳಬೇಕು ಅಂತ ಅಮೆರಿಕದ ಮೆಕಿನ್ನಿ-ವೆಂಟೊ ಕಾನೂನು ಹೇಳುತ್ತದೆ. ಮೊದಲು ಒಳಗೆ, ಆಮೇಲೆ ದಾಖಲೆ. ಒಂದು ಶಾಲೆಗೇ ಅದು ಸಾಧ್ಯವಾದರೆ ಒಂದು ಬೆಳಗಿನ ಟ್ರಯಲ್ಸ್‌ಗೆ ಯಾಕೆ ಆಗಬಾರದು?

ಇನ್ನೊಂದು ಚಿಕ್ಕ ವಿಷಯ, ಆದರೆ ನನಗೆ ಇದು ಚಿಕ್ಕದಲ್ಲ. ಮಕ್ಕಳ ಕಾಗದಗಳನ್ನು ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದನ್ನು ನಿಲ್ಲಿಸಿ. ಒಂದು ಹುಡುಗಿಯ ಆರೋಗ್ಯದ ವಿವರ ಗುಂಪಿನಲ್ಲಿರುವ 40 ಜನರಿಗೆ ಯಾಕೆ ಗೊತ್ತಾಗಬೇಕು? ಕಾಗದ ಒಬ್ಬರ ಕೈಯಲ್ಲಿರಲಿ, ಬೀಗದ ಕಪಾಟಿನಲ್ಲಿರಲಿ. ಆಯ್ಕೆಯಾಗದ ಮಕ್ಕಳ ಪ್ರತಿಗಳನ್ನು ವಾಪಸ್ ಕೊಡಿ ಅಥವಾ ಹರಿದು ಹಾಕಿ. ಹೋದ ವರ್ಷ ಒಂದು ಹಳೆಯ ಕಪಾಟು ಖಾಲಿ ಮಾಡುವಾಗ ಆರು ವರ್ಷದ ಫಾರಂಗಳು ಸಿಕ್ಕವು. ಆ ಮಕ್ಕಳೆಲ್ಲ ಈಗ ದೊಡ್ಡವರಾಗಿದ್ದಾರೆ. ಅವರ ಜೀವನದ ಇಷ್ಟು ವಿವರ ನಮ್ಮ ಕಪಾಟಿನಲ್ಲಿ ಸುಮ್ನೆ ಬಿದ್ದಿತ್ತು.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಕಟ್ಟಿದಾಗ ಅವರ ತರಗತಿಯಲ್ಲಿ 18 ಜನ ಇದ್ದರು. ಅದಕ್ಕೇ ಮೊದಲ ಆಟದಲ್ಲಿ ಒಂದೊಂದು ಕಡೆ ಒಂಬತ್ತು ಜನ. ಇದ್ದವರೆಲ್ಲರಿಗೂ ಜಾಗ. ಅವರು ಬರೆದ 13 ನಿಯಮಗಳು ಟೈಪ್ ಮಾಡಿದ ಎರಡು ಹಾಳೆಯಲ್ಲಿ ಹಿಡಿಸಿದ್ದವು. ಇಡೀ ಆಟಕ್ಕೆ ಎರಡು ಹಾಳೆ ಸಾಕಾಗಿತ್ತು. ನಮ್ಮ ಟ್ರಯಲ್ಸ್ ಫಾರಂ ಹೋದ ಸಲ ಏಳು ಹಾಳೆ ಇತ್ತು. ನಾನು ಕೂತು ಅದನ್ನು ಎರಡಕ್ಕೆ ಇಳಿಸಿದ್ದೇನೆ. ಮೊದಲ ಹಾಳೆ ಆರೋಗ್ಯ, ತುರ್ತು ಫೋನ್, ಒಪ್ಪಿಗೆ. ಅದು ಇಲ್ಲದೆ ಒಳಗೆ ಬಿಡುವಂತಿಲ್ಲ. ಎರಡನೇ ಹಾಳೆ ಆಯ್ಕೆಯಾದವರಿಗೆ ಮಾತ್ರ. ಯಾವ ದಾಖಲೆ, ಅದು ಇಲ್ಲದಿದ್ದರೆ ಬದಲಿಗೆ ಯಾವುದು, ಯಾವ ದಿನದೊಳಗೆ, ತಿರಸ್ಕರಿಸಿದರೆ ಯಾರನ್ನು ಕೇಳಬೇಕು ಅಂತ ಬರೆದಿದೆ. ಪೋಷಕರು ಮನೆಯಲ್ಲಿ ಆಡುವ ಭಾಷೆಯಲ್ಲೇ ಇದೆ. ಕಾನೂನಿನ ಪದ ಒಂದೂ ಇಲ್ಲ.

ಮುಂದಿನ ಟ್ರಯಲ್ಸ್‌ಗೆ ಇನ್ನು ಎಂಟು ವಾರ ಇದೆ. ಹಿಂದಿನ ಸಲ ದಾಖಲೆಗಳ ಪಟ್ಟಿ ಪ್ರಕಟವಾದದ್ದು ಐದು ದಿನ ಮೊದಲು. ಐದು ದಿನದಲ್ಲಿ ಡಾಕ್ಟರ್ ಸಿಗುವುದಿಲ್ಲ. ಕಳೆದುಹೋದ ಪ್ರಮಾಣ ಪತ್ರದ ನಕಲು ಸಿಗುವುದಿಲ್ಲ. ದಿನಗೂಲಿಗೆ ಹೋಗುವ ಅಪ್ಪ ಅಮ್ಮನಿಗೆ ರಜೆಯೂ ಸಿಗುವುದಿಲ್ಲ. ಈ ವಾರವೇ ಪಟ್ಟಿ ಹಾಕಿದರೆ ಇವೆಲ್ಲ ಆಗುತ್ತವೆ. ಟ್ರಯಲ್ಸ್‌ಗೆ ಎರಡು ವಾರ ಮೊದಲು ಒಂದು ಸಂಜೆ ಒಬ್ಬ ಡಾಕ್ಟರನ್ನು ಅಂಗಳಕ್ಕೇ ಕರೆಸಿದರೆ ಅರ್ಧ ಸಾಲು ಅಲ್ಲೇ ಮುಗಿಯುತ್ತದೆ. ಅವರ ಪಕ್ಕದಲ್ಲಿ ಕೂತು ಫಾರಂ ತುಂಬಿಸಿಕೊಡಲು ನಾನು ಸಿದ್ಧ. ಇನ್ನೂ ನಾಲ್ಕು ಜನ ಬರುತ್ತೇವೆ ಅಂದಿದ್ದಾರೆ.

ಎರಡು ಹಾಳೆಯ ಫಾರಂ ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಬೇಕಾದಲ್ಲಿ ತಿದ್ದಿ. ಸಹಿಯ ಜಾಗದಲ್ಲಿ ಮಾತ್ರ 'ಮಗುವನ್ನು ಸಾಕುತ್ತಿರುವವರ ಸಹಿ' ಅಂತ ಬರೆದಿದ್ದೇನೆ. ಆ ಸಾಲನ್ನು ಹಾಗೇ ಬಿಡಿ.

ಇಂತಿ,
ನೋಂದಣಿ ಟೇಬಲ್ಲಿನ ಒಬ್ಬ ಸ್ವಯಂಸೇವಕಿ